ಮೌಸಿನ ಗಾಲಿ ಹಿಂದುಮುಂದಾದರೆ

ಗಣಕಯಂತ್ರದಲ್ಲಿ ಪತ್ರಿಕೆ ಓದುವವರಿಂದ ನಮ್ಮ ವಾಚನಾಲಯದಲ್ಲಿ ಅಡಿಗಡಿಗೆ ಕೇಳಿಬರುವ ದೂರೊಂದುಂಟು. ಮೌಸಿನ ನಡುವೆ ಇರುವ ಗಾಲಿಯನ್ನು ಬೆರಳಿನಿಂದ ನಮ್ಮ ಕಡೆಗೆ ಎಳೆದರೆ ಲೇಖನದ ಮುಂದಿನ ಸಾಲುಗಳು ಬರಬೇಕು. ಅದಕ್ಕೆ ಬದಲಾಗಿ ಓದಿ ಮುಗಿಸಿದ ಸಾಲುಗಳೇ ಮರಳಿ ಬರುತ್ತವೆ. ಆಚೆಗೆ ತಳ್ಳಿದರೆ ಪುಟ ಮುಂದುವರಿಯುತ್ತದೆ. ಎರಡು ಸಲ ಹೀಗಾಯಿತೆಂದರೆ ಕೆಲವರು "ಮೌಸ್ ಕೆಟ್ಟಿದೆ" ಎಂದು ಹೇಳಿ ಏಳುತ್ತಾರೆ. ಇನ್ನು ಕೆಲವರು "ಇದು ಲಿನಕ್ಸ್, ಇದರ ರೀತಿಯೇ ಹೀಗೆ" ಎನ್ನುತ್ತಾರೆ. ಈ ಎರಡು ಮಾತೂ ಬಹುಮಟ್ಟಿಗೆ ಸರಿಯಲ್ಲ. ಯಂತ್ರವೂ ಕೆಟ್ಟಿಲ್ಲ, ವ್ಯವಸ್ಥೆಯೂ ವಕ್ರವಲ್ಲ. ಯಾರೋ ಎಂದೋ ಮಾಡಿಟ್ಟ ಒಂದು ಏರ್ಪಾಡು ನಮ್ಮ ಕೈಯ ರೂಢಿಗೆ ಹೊಂದುತ್ತಿಲ್ಲ, ಅಷ್ಟೆ. ಅದನ್ನು ಗುರುತಿಸುವುದು ಹೇಗೆ, ಸರಿಪಡಿಸುವುದು ಹೇಗೆ, ನಿಜವಾಗಿ ಮೌಸನ್ನೇ ಸಂದೇಹಿಸಬೇಕಾದುದು ಯಾವಾಗ ಎಂಬ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇವೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ದೊಡ್ಡ ಬರಹವೇಕೆ ಎಂದು ಯಾರಾದರೂ ಕೇಳಬಹುದು. ಲೋಧಿ ಕಾಲೋನಿ ಸರ್ಕಾರಿ ನೌಕರರ ವಸತಿಗಳ ಬಡಾವಣೆ. ಇಲ್ಲಿರುವ ಮಕ್ಕಳೊಡನೆ ಕೆಲವು ತಿಂಗಳು ಕಳೆಯಲು ಊರಿನಿಂದ ಬರುವ ಹಿರಿಯರು ಪ್ರತಿ ವರ್ಷವೂ ಇರುತ್ತಾರೆ. ಅವರಲ್ಲಿ ಹಲವರಿಗೆ ಹಿಂದಿ ಬಾರದು. ಹೊರಗೆ ಮಾತಿಲ್ಲ, ಮನೆಯಲ್ಲಿ ಹಗಲೆಲ್ಲ ಜನವಿಲ್ಲ. ಊರಿನ ಪತ್ರಿಕೆಯನ್ನು ತೆರೆಯ ಮೇಲೆ ಓದುವುದೇ ಅವರ ಪಾಲಿನ ಹೊತ್ತು. ಅಂಥವರು ಗಾಲಿಯ ಕಾಟಕ್ಕೆ ಬೇಸತ್ತು "ಇದು ನಮ್ಮಂಥವರಿಗಲ್ಲ" ಎಂದು ಎದ್ದುಹೋದರೆ ನಷ್ಟವಾಗುವುದು ಒಂದು ಮೌಸಲ್ಲ, ಒಬ್ಬ ಓದುಗ. ಆದ್ದರಿಂದ ಈ ವಿಷಯ ನಮಗೆ ಸಣ್ಣದಲ್ಲ.

ರಾಟೆಯ ರೀತಿ, ಕಾಗದದ ರೀತಿ

ಮೊದಲು ಯಾವುದು ನೇರ, ಯಾವುದು ತಲೆಕೆಳಗು ಎಂಬುದನ್ನು ವಿಚಾರಿಸೋಣ. ಬಾವಿಯ ರಾಟೆಯನ್ನು ನೆನೆದುಕೊಳ್ಳಿ. ಹಗ್ಗವನ್ನು ಕೆಳಕ್ಕೆ ಎಳೆದರೆ ಕೊಡ ಮೇಲಕ್ಕೆ ಬರುತ್ತದೆ. ಮೌಸಿನ ಗಾಲಿಯ ಹಳೆಯ ಪದ್ಧತಿಯೂ ಇದೇ: ಬೆರಳು ನಮ್ಮ ಕಡೆಗೆ ಇಳಿದರೆ ಅಕ್ಷರಗಳು ಮೇಲಕ್ಕೆ ಏರಿ, ಕೆಳಗಿನ ಸಾಲುಗಳು ಕಣ್ಣಿಗೆ ಬೀಳುತ್ತವೆ. ಇದನ್ನು ನಾವು ರಾಟೆಯ ರೀತಿ ಎಂದು ಕರೆಯೋಣ. ಇನ್ನು ಮೇಜಿನ ಮೇಲೆ ಒಂದು ಉದ್ದನೆಯ ಕಾಗದವನ್ನು ಹರಡಿ ಅದರ ಮೇಲೆ ಬೆರಳಿಟ್ಟು ಆಚೆಗೆ ತಳ್ಳಿದರೆ ಕಾಗದವೂ ಆಚೆಗೆ ಸರಿದು ಕೆಳಗಿನ ಭಾಗ ಎದುರಿಗೆ ಬರುತ್ತದೆ. ಬೆರಳು ಹೋದ ಕಡೆ ಬರಹ. ಇದು ಕಾಗದದ ರೀತಿ. ಜೇಬಿನ ಫೋನಿನಲ್ಲಿ ನಾವೆಲ್ಲರೂ ಮಾಡುವುದು ಇದನ್ನೇ.

ಎರಡೂ ರೀತಿಗಳಿಗೆ ಅವುಗಳದೇ ಆದ ನ್ಯಾಯವಿದೆ. ಒಂದರಲ್ಲಿ ನಮ್ಮ ದೃಷ್ಟಿ ಕೆಳಗಿಳಿಯುತ್ತದೆ, ಇನ್ನೊಂದರಲ್ಲಿ ಕಾಗದ ಮೇಲೇರುತ್ತದೆ. ಕೊನೆಗೆ ಕಾಣುವುದು ಒಂದೇ ಸಾಲು. ಯಾವುದಕ್ಕೆ ಕೈ ಒಗ್ಗಿದೆಯೋ ಅದು ನೇರವೆನಿಸುತ್ತದೆ, ಮತ್ತೊಂದು ತಲೆಕೆಳಗೆನಿಸುತ್ತದೆ.

ಈ ಇಬ್ಬಗೆ ಹೇಗೆ ಹುಟ್ಟಿತೆಂಬುದಕ್ಕೆ ಸಣ್ಣ ಚರಿತ್ರೆಯಿದೆ. ಅಮೆರಿಕದ ಡಗ್ಲಸ್ ಎಂಗಲ್‌ಬಾರ್ಟ್ ಅವರ ಪ್ರಯೋಗಶಾಲೆಯಲ್ಲಿ 1964ರಲ್ಲಿ ಮೊದಲ ಮೌಸ್ ತಯಾರಾಯಿತು. ಅದು ಮರದ ಪೆಟ್ಟಿಗೆ. ಮೇಲ್ಗಡೆ ಬೆರಳಿಗೆ ಸಿಗುವ ಗಾಲಿಯಿರಲಿಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅವರು ಅದನ್ನು ಸಭೆಯ ಮುಂದೆ ಪ್ರದರ್ಶಿಸಿದರು. ಪುಟ ಸರಿಸುವ ಗಾಲಿ ಜನಪ್ರಿಯವಾದುದು 1996ರಲ್ಲಿ ಮೈಕ್ರೋಸಾಫ್ಟ್‌ನವರ ಇಂಟೆಲಿಮೌಸ್ ಬಂದ ಮೇಲೆ. ಅಲ್ಲಿಂದ ಮುಂದೆ ಹಲವು ವರ್ಷ ರಾಟೆಯ ರೀತಿಯೇ ರೂಢಿಯಾಗಿ ನಿಂತಿತು. 2007ರಲ್ಲಿ ಐಫೋನ್ ಬಂದು ಬೆರಳಿನಿಂದ ತೆರೆಯನ್ನೇ ಸರಿಸುವ ಅಭ್ಯಾಸ ಹಬ್ಬಿತು. 2011ರಲ್ಲಿ ಆಪಲ್‌ನವರು ತಮ್ಮ ಲಯನ್ ಎಂಬ ಆವೃತ್ತಿಯಲ್ಲಿ ಗಣಕದ ಮೌಸಿಗೂ ಕಾಗದದ ರೀತಿಯನ್ನೇ ಅಳವಡಿಸಿ ಅದಕ್ಕೆ 'ನ್ಯಾಚುರಲ್', ಅಂದರೆ ಸಹಜ, ಎಂಬ ಹೆಸರಿಟ್ಟರು. ಹೆಸರು ಅಂಟಿಕೊಂಡಿತು, ಲಿನಕ್ಸಿನ ಮುಕ್ತ ತಂತ್ರಾಂಶಗಳಲ್ಲೂ ಇಂದು ಅದೇ ಹೆಸರು ಕಾಣುತ್ತದೆ. ಸಹಜ ಎಂಬ ಹಣೆಪಟ್ಟಿಯನ್ನು ಕಂಡು, ಒಳ್ಳೆಯದೇ ಇರಬೇಕೆಂದು ಒತ್ತಿ, ಆಮೇಲೆ ಗಾಲಿ ಕೆಟ್ಟಿತೆಂದು ಕೊರಗುವವರು ಕಡಮೆಯಲ್ಲ.

ನಮ್ಮ ವಾಚನಾಲಯದ ಯಂತ್ರದಲ್ಲಿರುವುದು ಉಬುಂಟು. ಅದರ ಗ್ನೋಮ್ ಪರದೆಯಲ್ಲಿ, ಯಾರೂ ಕೈ ಹಾಕದಿದ್ದರೆ, ಮೌಸಿಗೆ ರಾಟೆಯ ರೀತಿಯೂ ಲ್ಯಾಪ್‌ಟಾಪಿನ ಸ್ಪರ್ಶಫಲಕಕ್ಕೆ, ಅಂದರೆ ಟಚ್‌ಪ್ಯಾಡಿಗೆ, ಕಾಗದದ ರೀತಿಯೂ ಇರುತ್ತದೆ. ಒಂದೇ ಯಂತ್ರದಲ್ಲಿ ಎರಡು ದಿಕ್ಕು! ಲ್ಯಾಪ್‌ಟಾಪಿಗೆ ಹೊಸದಾಗಿ ನಿಸ್ತಂತು ಮೌಸನ್ನು ಸೇರಿಸಿದವರು ಗಾಬರಿಗೊಳ್ಳುವುದಕ್ಕೆ ಇದೇ ಮುಖ್ಯ ಕಾರಣ.

ಮೊದಲು ರೋಗಪರೀಕ್ಷೆ

ಔಷಧಕ್ಕೆ ಮೊದಲು ನಾಡಿ ನೋಡಬೇಕಷ್ಟೆ. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು.

ಒಂದನೆಯದು: ಗಾಲಿ ಎಲ್ಲ ಕಡೆಯೂ, ಎಲ್ಲ ಹೊತ್ತೂ ಒಂದೇ ಸಮನೆ ಹಿಂದುಮುಂದಾಗಿದೆಯೆ? ಪತ್ರಿಕೆಯ ಪುಟದಲ್ಲಿ, ಕಡತಗಳ ಪಟ್ಟಿಯಲ್ಲಿ, ಪತ್ರ ಬರೆಯುವಲ್ಲಿ, ಎಲ್ಲೆಲ್ಲೂ ತಪ್ಪದೆ ಹಿಂದುಮುಂದಾಗಿದ್ದರೆ ಅದು ಏರ್ಪಾಡಿನ ಮಾತು. ಕೆಟ್ಟ ಯಂತ್ರ ಅಷ್ಟು ಶಿಸ್ತಾಗಿ ತಪ್ಪು ಮಾಡುವುದಿಲ್ಲ.

ಎರಡನೆಯದು: ಒಂದೇ ತಂತ್ರಾಂಶದಲ್ಲಿ ಮಾತ್ರ ಹೀಗೆಯೆ? ಹಾಗಿದ್ದರೆ ಆ ತಂತ್ರಾಂಶದೊಳಗೇ ಹುಡುಕಬೇಕು. ದೂರದ ಇನ್ನೊಂದು ಗಣಕವನ್ನು ಇಲ್ಲಿಂದ ನಡೆಸುತ್ತಿರುವಾಗ ಈ ತೊಂದರೆ ವಿಶೇಷವಾಗಿ ಕಾಣುತ್ತದೆ. ಆ ಗಣಕದ ಏರ್ಪಾಡೂ ಈ ಗಣಕದ ಏರ್ಪಾಡೂ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ.

ಮೂರನೆಯದು: ಗಾಲಿ ಒಮ್ಮೆ ಸರಿ, ಒಮ್ಮೆ ತಪ್ಪು ಎಂಬಂತೆ ತಡವರಿಸುತ್ತದೆಯೆ? ಕೆಳಗಿಳಿಯುತ್ತಿದ್ದ ಪುಟ ನಡುವೆ ಎರಡು ಸಾಲು ಮೇಲಕ್ಕೆ ಜಿಗಿದು ಮತ್ತೆ ಇಳಿಯುತ್ತದೆಯೆ? ಆಗ ಮಾತ್ರ ಮೌಸನ್ನು ಸಂದೇಹಿಸಿರಿ. ಇದು ಸಾಮಾನ್ಯವಾಗಿ ಧೂಳಿನ ಕೆಲಸ.

ಇಲ್ಲಿ ಬ್ಯಾಟರಿಯ ವಿಷಯವಾಗಿ ಒಂದು ಮಾತು. ಬ್ಯಾಟರಿ ಕ್ಷೀಣಿಸಿದರೆ ಬಾಣದ ಗುರುತು ತಡೆತಡೆದು ಚಲಿಸೀತು, ಗಾಲಿಯ ಕೆಲವು ಹಲ್ಲುಗಳು ಲೆಕ್ಕಕ್ಕೆ ಬಾರದೆ ಹೋದಾವು. ಆದರೆ ದಿಕ್ಕು ಬದಲಾಗದು. ಮೌಸು 2.4 ಗಿಗಾಹರ್ಟ್ಸ್ ಅಲೆಗಳ ಮೂಲಕ ಕಳುಹಿಸುವ ಸಂದೇಶ ದಾರಿಯಲ್ಲಿ ಕೆಟ್ಟರೆ ತಲುಪದೆ ಹೋಗುತ್ತದೆಯೇ ಹೊರತು ತಿರುಗಿಕೊಂಡು ಬರುವುದಿಲ್ಲ. ಆದ್ದರಿಂದ ದಿಕ್ಕಿನ ದೂರಿಗಾಗಿ ಹೊಸ ಬ್ಯಾಟರಿ ಕೊಳ್ಳುವುದು ವ್ಯರ್ಥ ಖರ್ಚು.

ಏರ್ಪಾಡನ್ನು ಸರಿಪಡಿಸುವ ಬಗೆ

ಉಬುಂಟುವಿನಲ್ಲಿ 'ಸೆಟ್ಟಿಂಗ್ಸ್' ತೆರೆದು 'ಮೌಸ್ ಅಂಡ್ ಟಚ್‌ಪ್ಯಾಡ್' ಎಂಬಲ್ಲಿಗೆ ಹೋಗಬೇಕು. ಮೌಸಿಗೆ ಒಂದು ಭಾಗ, ಟಚ್‌ಪ್ಯಾಡಿಗೆ ಬೇರೊಂದು ಭಾಗ ಇರುತ್ತದೆ. ಮೌಸಿನ ಭಾಗದಲ್ಲೇ ಇದ್ದೇವೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಈಚಿನ ಆವೃತ್ತಿಗಳಲ್ಲಿ 'ಸ್ಕ್ರೋಲ್ ಡೈರೆಕ್ಷನ್' ಎಂಬ ಶೀರ್ಷಿಕೆಯ ಕೆಳಗೆ 'ಟ್ರೆಡಿಷನಲ್', 'ನ್ಯಾಚುರಲ್' ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ನಮ್ಮ ರಾಟೆ, ಎರಡನೆಯದು ನಮ್ಮ ಕಾಗದ. ಹಳೆಯ ಆವೃತ್ತಿಗಳಲ್ಲಿ 'ನ್ಯಾಚುರಲ್ ಸ್ಕ್ರೋಲಿಂಗ್' ಎಂಬ ಒಂದೇ ಗುಂಡಿಯಿರುತ್ತದೆ. ಅದನ್ನು ಆರಿಸಿದರೆ ರಾಟೆ, ಹೊತ್ತಿಸಿದರೆ ಕಾಗದ. ಯಂತ್ರವನ್ನು ಮತ್ತೆ ಚಾಲೂ ಮಾಡಬೇಕಾಗಿಲ್ಲ. ಫಲ ಆ ಕ್ಷಣವೇ ಕಾಣುತ್ತದೆ.

ಲಿನಕ್ಸ್ ಮಿಂಟ್ ಇಟ್ಟುಕೊಂಡವರ ಸಿನಮನ್ ಪರದೆಯಲ್ಲಿ ಇದೇ ಆಯ್ಕೆ 'ರಿವರ್ಸ್ ಸ್ಕ್ರೋಲಿಂಗ್ ಡೈರೆಕ್ಷನ್' ಎಂಬ ಹೆಸರಿನಿಂದ ದೊರೆಯುತ್ತದೆ. ಕೆಡಿಇ ಮತ್ತು ಎಕ್ಸ್‌ಎಫ್‌ಸಿಇ ಪರದೆಗಳಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಮೊದಲು ಉಪಕರಣದ ಹೆಸರನ್ನು ಪಟ್ಟಿಯಿಂದ ಆರಿಸಿ, ಆಮೇಲೆ ಆ ಒಂದು ಉಪಕರಣಕ್ಕೆ ಮಾತ್ರ ದಿಕ್ಕು ಗೊತ್ತುಮಾಡಬೇಕು. ನಿಸ್ತಂತು ಮೌಸ್ ಇಟ್ಟುಕೊಂಡವರು ಎಡವುವುದು ಇಲ್ಲಿಯೇ. ಯುಎಸ್‌ಬಿ ರಂಧ್ರಕ್ಕೆ ಚುಚ್ಚುವ ಆ ಪುಟ್ಟ ಗ್ರಾಹಕ ಒಂದೇ ಆದರೂ ಅದು ಕೀಲಿಮಣೆಯನ್ನೂ ಮೌಸನ್ನೂ ಒಟ್ಟಿಗೆ ಹೊತ್ತು ತರಬಲ್ಲುದು. ಹೀಗಾಗಿ ಪಟ್ಟಿಯಲ್ಲಿ ಒಂದೇ ತೆರನಾದ ಎರಡು ಮೂರು ಹೆಸರುಗಳು ಕಂಡಾವು. ತಪ್ಪು ಹೆಸರನ್ನು ತಿದ್ದಿದರೆ ಗಾಲಿ ಮೊದಲಿದ್ದಂತೆಯೇ ಇರುತ್ತದೆ. ಒಂದೊಂದನ್ನೇ ಆರಿಸಿ ಪರೀಕ್ಷಿಸಿ ನೋಡುವುದೇ ದಾರಿ.

ತಿದ್ದಿದ್ದು ನಿಲ್ಲದೆ ಹೋದರೆ

"ನಿನ್ನೆ ಸರಿ ಮಾಡಿದ್ದೆ, ಇಂದು ಮತ್ತೆ ಹಾಗೆಯೇ ಆಗಿದೆ" ಎನ್ನುವವರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಯಾರದೋ ಸಲಹೆಯಂತೆ ಟರ್ಮಿನಲ್ ತೆರೆದು ಎಕ್ಸ್‌ಇನ್‌ಪುಟ್ ಎಂಬ ಆಜ್ಞೆಯಿಂದ ದಿಕ್ಕು ತಿರುಗಿಸಿದವರು. ಆ ಆಜ್ಞೆ ಆ ಹೊತ್ತಿಗೆ ಸೇರಿಕೊಂಡಿರುವ ಉಪಕರಣಕ್ಕೆ ಅಂಟಿಸಿದ ಚೀಟಿಯಿದ್ದಂತೆ. ಗ್ರಾಹಕವನ್ನು ಕಿತ್ತು ಮತ್ತೆ ಚುಚ್ಚಿದರೆ, ಅಥವಾ ಬ್ಲೂಟೂತ್ ಮೌಸು ನಿದ್ರೆಗೆ ಹೋಗಿ ಎದ್ದು ಹೊಸದಾಗಿ ಸೇರಿಕೊಂಡರೆ ಚೀಟಿ ಬಿದ್ದುಹೋಗುತ್ತದೆ. ಅದೂ ಅಲ್ಲದೆ ಈಚಿನ ಉಬುಂಟುಗಳಲ್ಲಿ ಪರದೆಯನ್ನು ನಡೆಸುವುದು ವೇಲ್ಯಾಂಡ್ ಎಂಬ ಹೊಸ ಪದ್ಧತಿ. ಅಲ್ಲಿ ನಿಜವಾದ ಉಪಕರಣಕ್ಕೆ ಎಕ್ಸ್‌ಇನ್‌ಪುಟ್ಟಿನ ಮಾತು ತಲುಪುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಮಾಡಿದ ಆಯ್ಕೆ ಹಾಗಲ್ಲ. ಮೌಸು ಎಷ್ಟು ಸಲ ಬಂದು ಹೋದರೂ ಅದು ಉಳಿಯುತ್ತದೆ.

ಇನ್ನೊಂದು ಹಳೆಯ ಉಪಾಯವುಂಟು. ಹಿಂದಿನ ಎಕ್ಸ್ ಪದ್ಧತಿಯಲ್ಲಿ ಗಾಲಿಯನ್ನು ಮೇಲಕ್ಕೆ ತಿರುಗಿಸುವುದೆಂದರೆ ಮೌಸಿನ 4ನೆಯ ಗುಂಡಿ ಒತ್ತಿದಂತೆ, ಕೆಳಕ್ಕೆಂದರೆ 5ನೆಯದು ಒತ್ತಿದಂತೆ ಎಂಬ ಲೆಕ್ಕವಿತ್ತು. ಆ ಎರಡು ಅಂಕೆಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತಿತ್ತು. ಹೊಸ ತಂತ್ರಾಂಶಗಳಲ್ಲಿ ಹಲವು ಈ ಗುಂಡಿಗಳ ಲೆಕ್ಕವನ್ನು ನೋಡುವುದಿಲ್ಲ. ಆದ್ದರಿಂದ ಈ ಉಪಾಯ ಮಾಡಿದಲ್ಲಿ ಕೆಲವು ತಂತ್ರಾಂಶಗಳು ಮಾತು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಒಂದೇ ಪರದೆಯಲ್ಲಿ ಎರಡು ದಿಕ್ಕು ಉಳಿದುಬಿಡುತ್ತದೆ. ಲಾಜಿಟೆಕ್ ಮೌಸ್‌ಗಳಲ್ಲಿ ಕೆಲವಕ್ಕೆ ಸೊಲಾರ್ ಎಂಬ ಮುಕ್ತ ತಂತ್ರಾಂಶದಿಂದ ಮೌಸಿಗೇ ದಿಕ್ಕು ಬದಲಿಸುವಂತೆ ಹೇಳಬಹುದು. ಅಲ್ಲೊಮ್ಮೆ ತಿರುಗಿಸಿ, ಸೆಟ್ಟಿಂಗ್ಸ್‌ನಲ್ಲೂ ಒಮ್ಮೆ ತಿರುಗಿಸಿದರೆ ಎರಡು ತಿರುವು ಸೇರಿ ಮೊದಲಿನ ದಿಕ್ಕೇ ಬರುತ್ತದೆ. ಇದಕ್ಕೆ ನಿಯಮ ಒಂದೇ: ಹೊಸ ಮದ್ದಿಗೆ ಮೊದಲು ಹಳೆಯ ಮದ್ದನ್ನು ಬಿಡಿಸಿರಿ. ತಿದ್ದುವ ಜಾಗ ಒಂದೇ ಇರಲಿ, ಅದು ಸೆಟ್ಟಿಂಗ್ಸ್ ಆಗಿರಲಿ.

ಧೂಳಿನ ಪ್ರಕರಣ

ಈಗ ಮೂರನೆಯ ಪ್ರಶ್ನೆಗೆ ಹೌದೆಂದವರ ವಿಷಯ. ಗಾಲಿ ಯಾವ ಕಡೆಗೆ ತಿರುಗಿತೆಂಬುದು ಮೌಸಿಗೆ ತಿಳಿಯುವುದಾದರೂ ಹೇಗೆ? ನಮ್ಮ ಬಡಾವಣೆಯ ಬದಿಯಲ್ಲೇ ಹಾದುಹೋಗುವ ದಿಲ್ಲಿಯ ರಿಂಗ್ ರೈಲಿನ ದಾರಿಯನ್ನು ನೋಡಿ. ಅದರಲ್ಲಿ ಸೇವಾ ನಗರವೂ ಲೋಧಿ ಕಾಲೋನಿಯೂ ಅಕ್ಕಪಕ್ಕದ ನಿಲ್ದಾಣಗಳು. ಗಾಡಿ ಮೊದಲು ಸೇವಾ ನಗರವನ್ನು ದಾಟಿ ಆಮೇಲೆ ಲೋಧಿ ಕಾಲೋನಿಗೆ ಬಂದರೆ ಅದು ನಿಜಾಮುದ್ದೀನಿನ ಕಡೆಯಿಂದ ಬಂದಿತೆಂದು ಅರ್ಥ. ಕ್ರಮ ತಿರುಗಿದರೆ ನಿಜಾಮುದ್ದೀನಿಗೆ ಹೊರಟಿತೆಂದು ಅರ್ಥ. ಗಾಡಿಯನ್ನು ಕಣ್ಣಾರೆ ಕಾಣದಿದ್ದರೂ ಎರಡು ನಿಲ್ದಾಣಗಳ ವರ್ತಮಾನದಲ್ಲಿ ಯಾವುದು ಮೊದಲು ಬಂದಿತೆಂಬುದರಿಂದ ದಿಕ್ಕು ತಿಳಿಯುತ್ತದೆ. ಗಾಲಿಯ ಅಕ್ಷದ ಬಳಿಯೂ ಹೀಗೆಯೇ ಎರಡು ಸಂಪರ್ಕಗಳಿವೆ. ಗಾಲಿ ಒಂದು ಹಲ್ಲು ತಿರುಗಿದಾಗ ಯಾವುದು ಮೊದಲು ಮಿಡಿಯಿತೆಂಬುದನ್ನು ನೋಡಿ ಮೌಸು ದಿಕ್ಕನ್ನು ನಿರ್ಣಯಿಸುತ್ತದೆ.

ಈ ಸಂಪರ್ಕಗಳ ನಡುವೆ ಧೂಳೋ ಕೂದಲೋ ಸೇರಿದರೆ ಒಂದು ನಿಲ್ದಾಣದ ವರ್ತಮಾನ ತಡವಾಗುತ್ತದೆ ಇಲ್ಲವೆ ತಪ್ಪುತ್ತದೆ, ದಿಕ್ಕಿನ ಲೆಕ್ಕ ಕೆಡುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ದಿಲ್ಲಿಯ ಮೇಲೆ ಬೀಸುವ ಆಂಧಿಯ ಧೂಳು ಮುಚ್ಚಿದ ಕಿಟಕಿಯೊಳಗೂ ನುಗ್ಗುವುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಬ್ಯಾಟರಿ ತೆಗೆದು, ಮೌಸನ್ನು ಬೋರಲು ಹಿಡಿದು, ಕ್ಯಾಮೆರಾ ಶುಚಿಮಾಡುವ ರಬ್ಬರಿನ ಬುರುಡೆಯಿಂದ ಗಾಲಿಯ ಎರಡು ಬದಿಗೂ ಗಾಳಿ ಹಾಯಿಸಿ, ಗಾಲಿಯನ್ನು ಎರಡು ದಿಕ್ಕಿಗೂ ಹತ್ತಾರು ಸಲ ವೇಗವಾಗಿ ತಿರುಗಿಸಬೇಕು. ಬಾಯಿಂದ ಊದಬಾರದು, ಉಸಿರಿನ ತೇವ ಧೂಳನ್ನು ಇನ್ನಷ್ಟು ಅಂಟಿಸುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಅದೇ ಮೌಸನ್ನು ಬೇರೊಂದು ಗಣಕಕ್ಕೆ ಹಾಕಿ ನೋಡಿ. ಅಲ್ಲಿಯೂ ತಡವರಿಸಿದರೆ ಸಂಪರ್ಕದ ಭಾಗ ಸವೆದಿದೆ. ನೆಹರೂ ಪ್ಲೇಸಿನ ರಿಪೇರಿಯವರ ಕೈಗೆ ಕೊಡುವುದೋ ಹೊಸದು ಕೊಳ್ಳುವುದೋ ಎಂಬ ಯೋಚನೆ ಬರಬೇಕಾದುದು ಆಗ; ಅದಕ್ಕೆ ಮೊದಲಲ್ಲ.

ಹಂಚಿಕೊಂಡ ಯಂತ್ರದಲ್ಲಿ ಯಾರ ದಿಕ್ಕು?

ಮನೆಯ ಯಂತ್ರ ಒಬ್ಬರದು. ವಾಚನಾಲಯದ್ದು ಹತ್ತು ಮಂದಿಯದು. ಅಜ್ಜ ರಾಟೆಗೆ ಒಗ್ಗಿದವರು, ಮೊಮ್ಮಗಳು ಫೋನಿನಲ್ಲೇ ಬೆಳೆದವಳು. ಒಬ್ಬರು ಸರಿಪಡಿಸಿ ಹೋದರೆ ಮತ್ತೊಬ್ಬರಿಗೆ ಕೆಟ್ಟಂತೆ. "ತಾತಾ, ನೀವು ಎಳೀತೀರಿ, ನಾನು ತಳ್ತೀನಿ, ಮೌಸಿನದೇನೂ ತಪ್ಪಿಲ್ಲ" ಎಂದು ಒಬ್ಬ ಹುಡುಗಿ ಹೇಳಿದ ಮಾತು ಈ ಲೇಖನದ ಸಾರವೇ ಹೌದು.

ಇದಕ್ಕೆ ಜಗಳವಿಲ್ಲದ ಪರಿಹಾರವಿದೆ. ಗ್ನೋಮ್ ಪರದೆಯಲ್ಲಿ ದಿಕ್ಕಿನ ಆಯ್ಕೆ ಯಂತ್ರಕ್ಕೆ ಸೇರಿದ್ದಲ್ಲ, ಪ್ರವೇಶಿಸುವ ಬಳಕೆದಾರನ ಖಾತೆಗೆ ಸೇರಿದ್ದು. ಒಂದು ಯಂತ್ರದಲ್ಲಿ 'ರಾಟೆ' ಎಂದೊಂದು ಖಾತೆ, 'ಕಾಗದ' ಎಂದೊಂದು ಖಾತೆ ತೆರೆದರೆ ಯಾರು ಯಾರನ್ನೂ ತಿದ್ದಬೇಕಾಗಿಲ್ಲ. ಗ್ನೋಮ್‌ನಲ್ಲಿ ಒಂದು ಖಾತೆಯೊಳಗೆ ಎಲ್ಲ ಮೌಸ್‌ಗಳಿಗೂ ಒಂದೇ ದಿಕ್ಕು ಎಂಬುದನ್ನು ನೆನಪಿಡಿ. ಎರಡು ಮೌಸ್ ಇಟ್ಟು ಒಂದೊಂದಕ್ಕೆ ಒಂದೊಂದು ದಿಕ್ಕು ಬೇಕೆನ್ನುವವರು ಕೆಡಿಇಯನ್ನು ಆಶ್ರಯಿಸಬಹುದು.

ಈ ಮುಕ್ತ ತಂತ್ರಾಂಶವೇ ನಮಗೇಕೆ ಎಂದು ಕೇಳುವವರಿಗೂ ಒಂದು ಮಾತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಬಳಸುವ, ಅರಿಯುವ, ತಿದ್ದುವ, ಹಂಚುವ ಹಕ್ಕು ಬಳಕೆದಾರನದೇ ಎಂಬುದು ಇದರ ತಿರುಳು. ಭಾರತ ಸರ್ಕಾರವೂ 2015ರ ಮಾರ್ಚ್‌ನಲ್ಲಿ ಮುಕ್ತ ತಂತ್ರಾಂಶಗಳ ಬಳಕೆಯ ನೀತಿಯನ್ನು ಪ್ರಕಟಿಸಿತು. ಅದನ್ನು ಹೊರಡಿಸಿದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆಯ ಕಚೇರಿ ಬೇರೆಲ್ಲಿಯೂ ಅಲ್ಲ, ನಮ್ಮ ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸಿನಲ್ಲೇ ಇದೆ. 2016ರಿಂದ ಅದೊಂದು ಸಚಿವಾಲಯ. ದೂರದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲೆಗಳಿಗಾಗಿ ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿದ ಲಿನಕ್ಸಿನಲ್ಲಿಯೇ ಗಣಕದ ಪಾಠ ಕಲಿಯುತ್ತಾರೆ. ಆ ಮಕ್ಕಳಿಗೆ ಸಾಧ್ಯವಾದುದು ನಮ್ಮ ಹಿರಿಯರಿಗೆ ಸಾಧ್ಯವಿಲ್ಲವೆ? ಹಕ್ಕು ಇದೆ ಎಂದರೆ ಸಾಲದು, ಅದನ್ನು ಚಲಾಯಿಸುವ ಗುಂಡಿ ಎಲ್ಲಿದೆ ಎಂಬುದೂ ತಿಳಿದಿರಬೇಕು. ಕೈ ಯಂತ್ರಕ್ಕೆ ಬಗ್ಗಬೇಕಾಗಿಲ್ಲ. ಯಂತ್ರವೇ ಕೈಗೆ ಬಗ್ಗಲಿ.

ಆದ್ದರಿಂದ ಓದುಗ ಮಹನೀಯರಲ್ಲಿ ನಮ್ಮ ವಿನಂತಿ ಇಷ್ಟು. ಗಾಲಿ ಹಿಂದುಮುಂದಾದರೆ ಎದ್ದುಹೋಗಬೇಡಿ, ಹೊಸ ಮೌಸಿಗೆ ಹಣ ತೆರಬೇಡಿ, ತಮಗೆ ತಿಳಿಯದೆಂದು ನಾಚಬೇಡಿ. ಎಲ್ಲೆಲ್ಲೂ ಒಂದೇ ಸಮನೆ ತಿರುಗಿದ್ದರೆ ಸೆಟ್ಟಿಂಗ್ಸ್ ನೋಡಿ. ಒಂದೇ ತಂತ್ರಾಂಶದಲ್ಲಿ ತಿರುಗಿದ್ದರೆ ಅದರೊಳಗೆ ನೋಡಿ. ತಡವರಿಸಿದರೆ ಧೂಳು ನೋಡಿ. ಸಾಮಾನ್ಯ ಖಾತೆಯಲ್ಲಿ ದಿಕ್ಕು ಬದಲಾಯಿಸಿದವರು ಏಳುವ ಮೊದಲು ಹಿಂದಿನಂತೆ ಮಾಡಿಟ್ಟು ಹೋದರೆ ನಿಮ್ಮ ನಂತರ ಕೂರುವವರಿಗೆ ಉಪಕಾರವಾಗುತ್ತದೆ. ಕನ್ನಡಕ ಮರೆತು ಬಂದವರಿಗೆ ಆ ಸಣ್ಣ ಅಕ್ಷರಗಳು ಕಾಣದಿದ್ದರೆ ಮೇಜಿನ ಬಳಿಯಿರುವವರನ್ನು ಕರೆಯಿರಿ. ಅರ್ಧ ನಿಮಿಷದ ಕೆಲಸ.